ಜಾತಕ ಬಿಟ್ಟೆವು, ಕಳೆದ ಬಾಳನ್ನು ಕೇಳುತ್ತೇವೆಯೆ?



ಕಾಫಿ ಕುಯ್ಲು ಮುಗಿದು, ಹೂಮಳೆ ಯಾವಾಗ ಬಂದೀತೆಂದು ಮುಗಿಲು ನೋಡುವ ದಿನಗಳಲ್ಲಿ ನಮ್ಮ ಚಿಕ್ಕಮಗಳೂರು, ಮೂಡಿಗೆರೆ, ಕಳಸ ಸೀಮೆಯ ಮನೆಗಳಲ್ಲಿ ಇನ್ನೊಂದು ಕೆಲಸವೂ ಚುರುಕಾಗುತ್ತದೆ. ಅದು ಸಂಬಂಧ ನೋಡುವ ಕೆಲಸ. ಕೈಯಲ್ಲಿ ನಾಲ್ಕು ಕಾಸು ಓಡಾಡುವ ಕಾಲ ಅದೇ. ಜೂನ್ ತಿಂಗಳಲ್ಲಿ ಮಳೆ ಹಿಡಿದರೆ ನೆಂಟರು ಬಂದು ಹೋಗುವುದೂ ಕಷ್ಟ. ಆದ್ದರಿಂದ ಮಾತುಕತೆ, ನಿಶ್ಚಿತಾರ್ಥ, ಮದುವೆ ಎಲ್ಲವೂ ಮೂರು ನಾಲ್ಕು ತಿಂಗಳಲ್ಲಿ ಮುಗಿಯಬೇಕು. ಮಠಕ್ಕೆ ಬರುವ ಭಕ್ತರ ಬಾಯಲ್ಲೂ ಇದೇ ಮಾತು.

ಈ ಮಾತುಕತೆಗಳಲ್ಲಿ ‘ಎರಡನೇ ಸಂಬಂಧ’ ಎಂಬ ಪದವನ್ನು ಈಚಿನ ವರ್ಷಗಳಲ್ಲಿ ನಾನು ಮೊದಲಿಗಿಂತ ಹೆಚ್ಚಾಗಿ ಕೇಳುತ್ತಿದ್ದೇನೆ. ಹೆಂಡತಿಯನ್ನು ಕಳೆದುಕೊಂಡವರು, ಗಂಡನನ್ನು ಕಳೆದುಕೊಂಡವರು, ಕೋರ್ಟಿನಲ್ಲಿ ಬಿಡುಗಡೆ ಪಡೆದವರು, ಮದುವೆಯಾದ ಕೆಲವೇ ತಿಂಗಳಲ್ಲಿ ತವರಿಗೆ ಬಂದು ಮತ್ತೆ ಹೋಗದವರು, ಹೀಗೆ ಹಲವರ ಮನೆಯವರು ಹೊಸ ಬಾಳಿಗೆ ದಾರಿ ಹುಡುಕುತ್ತಿದ್ದಾರೆ. ಇದು ಸಂತೋಷದ ಸಂಗತಿ. ಮುರಿದ ಬಾಳನ್ನು ಹಣೆಬರಹವೆಂದು ಒಪ್ಪಿಕೊಂಡು ಮೂಲೆಯಲ್ಲಿ ಕೂರುವ ಕಾಲ ಹೋಗುತ್ತಿದೆ ಎಂಬುದಕ್ಕೆ ಇದೇ ಸಾಕ್ಷಿ.

ಆದರೆ ಈ ಮಾತುಕತೆಗಳಿಗೆ ಹಿರಿಯರೊಬ್ಬರಂತೆ ಕುಳಿತಾಗ ಪ್ರತಿ ಸಲವೂ ಕಿವಿಗೆ ಬೀಳುವ ಮಾತೊಂದಿದೆ. “ಹಿಂದಿನದು ಹಿಂದೆಯೇ ಹೋಯಿತು, ಅದನ್ನು ಕೆದಕುವುದು ಬೇಡ. ಮುಂದಿನದು ಚೆನ್ನಾಗಿ ಆದರೆ ಸಾಕು.” ಗಂಡಿನ ಕಡೆಯವರು ಹೀಗೆನ್ನುತ್ತಾರೆ, ಹೆಣ್ಣಿನ ಕಡೆಯವರು ತಲೆಯಾಡಿಸುತ್ತಾರೆ. ಸ್ವಾಮಿಗಳ ಮುಂದೆ ಬಂದಾಗಲೂ, “ಬುದ್ಧಿ, ಅವರೇ ಏನೂ ಕೇಳೋದು ಬೇಡ ಅಂದಿದ್ದಾರೆ, ಒಳ್ಳೆಯ ಜನ” ಎಂದು ಸಮಾಧಾನದಿಂದ ಹೇಳುತ್ತಾರೆ. ಈ ಮಾತಿನಲ್ಲಿ ಕೆಟ್ಟ ಉದ್ದೇಶವಿಲ್ಲ. ನೊಂದವರನ್ನು ಮತ್ತೆ ನೋಯಿಸಬಾರದೆಂಬ ಕರುಣೆ ಇದೆ. ಆದರೂ ಈ ಮಾತನ್ನು ನಾನು ಒಪ್ಪಲಾರೆ. ಹಿಂದಿನದನ್ನು ಮುಚ್ಚಿಟ್ಟು ಕಟ್ಟಿದ ಎರಡನೆಯ ಮನೆಗೆ ಮೊದಲನೆಯ ಮನೆಯ ಬಿರುಕೇ ಬರುತ್ತದೆ. ಕಳೆದ ಬಾಳಿನಿಂದ ಏನು ಕಲಿತೆವು ಎಂಬ ಪ್ರಶ್ನೆಯನ್ನು ಗೌರವದಿಂದ ಕೇಳುವುದನ್ನೂ ಪ್ರಾಮಾಣಿಕವಾಗಿ ಉತ್ತರಿಸುವುದನ್ನೂ ನಮ್ಮ ಸಮಾಜ ರೂಢಿಸಿಕೊಳ್ಳಬೇಕು. ಈ ಸಂಚಿಕೆಯ ಸಂಪಾದಕೀಯದಲ್ಲಿ ಹೇಳಬೇಕೆಂದಿರುವುದು ಇಷ್ಟೇ.

ಬಸವತತ್ತ್ವವನ್ನು ಒಪ್ಪಿದ ನಾವು ಜಾತಕ ನೋಡುವುದನ್ನು ಬಿಟ್ಟೆವು. ರಾಹುಕಾಲ, ಗುಳಿಕಕಾಲ, ಕುಜದೋಷ ಎಂಬ ಹೆದರಿಕೆಗಳಿಂದ ಎಷ್ಟೋ ಮನೆಗಳು ಬಿಡುಗಡೆಯಾದವು. ವಚನ ಮಾಂಗಲ್ಯದ ಮೂಲಕ ಸರಳವಾಗಿ ಮದುವೆ ಮಾಡುವ ಪದ್ಧತಿಯೂ ಬೆಳೆಯುತ್ತಿದೆ. ಇದು ಹೆಮ್ಮೆಯ ವಿಷಯ. ಆದರೆ ಜಾತಕವನ್ನು ತೆಗೆದಿಟ್ಟ ಜಾಗದಲ್ಲಿ ಏನನ್ನು ಇಟ್ಟೆವು? ನಿಜ ಹೇಳಬೇಕೆಂದರೆ, ಎಕರೆಯನ್ನು ಇಟ್ಟೆವು. ಸಂಬಳದ ಚೀಟಿಯನ್ನು ಇಟ್ಟೆವು. ಬೆಂಗಳೂರಿನಲ್ಲಿ ಸೈಟ್ ಇದೆಯೋ, ಕಾರು ಯಾವುದು, ಹುಡುಗಿ ಬಿಳುಪೋ ಎಣ್ಣೆಗೆಂಪೋ ಎಂಬುದನ್ನು ಇಟ್ಟೆವು. ಗ್ರಹಗಳು ಹೋದವು, ಅವುಗಳ ಜಾಗದಲ್ಲಿ ಮನುಷ್ಯನ ನಡೆ ಬರಬೇಕಿತ್ತು, ಅದು ಇನ್ನೂ ಬಂದಿಲ್ಲ. ಈ ಹುಡುಗ ಸಿಟ್ಟು ಬಂದಾಗ ಏನು ಮಾಡುತ್ತಾನೆ, ಈ ಹುಡುಗಿ ನೋವನ್ನು ಬಾಯಿಬಿಟ್ಟು ಹೇಳುತ್ತಾಳೋ ಒಳಗೇ ನುಂಗುತ್ತಾಳೋ, ಈ ಮನೆಯಲ್ಲಿ ಹಿಂದೆ ಬಂದ ಸೊಸೆ ಹೇಗೆ ಬಾಳಿದಳು ಎಂಬುದನ್ನು ಕೇಳುವವರು ಎಷ್ಟು ಮಂದಿ?

ಶರಣರ ಕಾಲದಲ್ಲಿ ಕಳೆದ ಬಾಳನ್ನು ಕೇಳಲು ಅಂಜಿಕೆ ಇರಲಿಲ್ಲ. ಅಕ್ಕಮಹಾದೇವಿಯ ಬದುಕನ್ನೇ ನೋಡೋಣ. ಅವಳ ಉಡುತಡಿ ನಮಗೆ ದೂರದ ಊರಲ್ಲ, ಪಕ್ಕದ ಶಿವಮೊಗ್ಗ ಜಿಲ್ಲೆಯದು. ಹರಿಹರನ ರಗಳೆಯ ಪ್ರಕಾರ ಅವಳು ಕೌಶಿಕನನ್ನು ಮದುವೆಯಾಗುವ ಮೊದಲು ಮೂರು ಕರಾರುಗಳನ್ನು ಹಾಕಿದಳು. ತನ್ನ ಇಷ್ಟದಂತೆ ಲಿಂಗಪೂಜೆ ಮಾಡಲು, ಶರಣರೊಡನೆ ಇರಲು, ಗುರುವಿನ ಸೇವೆಯಲ್ಲಿರಲು ಅಡ್ಡಿ ಇರಬಾರದು ಎಂಬುದು ಅವುಗಳ ಸಾರ. ಕೌಶಿಕ ಒಪ್ಪಿದ, ಆಮೇಲೆ ಒಂದೊಂದಾಗಿ ಮುರಿದ. ಮೂರನೆಯದೂ ಮುರಿದ ಮೇಲೆ ಅವಳು ಅರಮನೆಯಲ್ಲಿ ನಿಲ್ಲಲಿಲ್ಲ. ಚಾಮರಸನ ಕಾವ್ಯದಲ್ಲಿ ಈ ಕಥೆ ಬೇರೆ ರೀತಿ ಇದೆ; ಅಲ್ಲಿ ಮದುವೆಯೇ ನಡೆಯುವುದಿಲ್ಲ. ಆ ಚರ್ಚೆಯನ್ನು ವಿದ್ವಾಂಸರಿಗೆ ಬಿಡೋಣ. ನಮ್ಮ ಹೆಣ್ಣುಮಕ್ಕಳು ಗಮನಿಸಬೇಕಾದದ್ದು ಇದು: ಬಾಳಿಗೆ ಬೇಕಾದುದನ್ನು ಮೊದಲೇ ಬಾಯಿಬಿಟ್ಟು ಹೇಳುವ ಅಧಿಕಾರವನ್ನು 12ನೆಯ ಶತಮಾನದ ಹೆಣ್ಣುಮಗಳು ತಾನಾಗಿ ತೆಗೆದುಕೊಂಡಳು.

ಅದಕ್ಕಿಂತ ಮುಖ್ಯವಾದದ್ದು ಕಲ್ಯಾಣದಲ್ಲಿ ನಡೆದದ್ದು. ಶೂನ್ಯಸಂಪಾದನೆ ಹೇಳುವಂತೆ, ಅವಳು ಅನುಭವ ಮಂಟಪಕ್ಕೆ ಬಂದಾಗ ಅಲ್ಲಮಪ್ರಭುಗಳು ಅವಳನ್ನು ಸುಮ್ಮನೆ ಒಳಗೆ ಕರೆದುಕೊಳ್ಳಲಿಲ್ಲ. ನಿನ್ನ ಗಂಡ ಯಾರು ಎಂಬಲ್ಲಿಂದಲೇ ಅವರ ಪ್ರಶ್ನೆ ಶುರುವಾಯಿತು. ಇಂದಿನ ನಮ್ಮ ಹಿರಿಯರಾಗಿದ್ದರೆ “ಹಿಂದಿನದು ಯಾಕೆ ಪ್ರಭುಗಳೇ” ಎಂದು ನಡುವೆ ಬಾಯಿ ಹಾಕುತ್ತಿದ್ದರೇನೋ. ಅಕ್ಕ ತಲೆ ತಗ್ಗಿಸಲಿಲ್ಲ, ಮಾತು ಮರೆಸಲಿಲ್ಲ. ತಾನು ಏನನ್ನು ಬಿಟ್ಟು ಬಂದೆ, ಏನನ್ನು ಅರಿತೆ ಎಂಬುದನ್ನು ತುಂಬಿದ ಸಭೆಯಲ್ಲಿ ಹೇಳಿದಳು. ಕೇಳಿದವರು ಅವಳನ್ನು ಬಿಟ್ಟುಬಂದವಳು ಎಂದು ಕರೆಯಲಿಲ್ಲ, ಅಕ್ಕ ಎಂದು ಕರೆದರು. ಕೇಳಿದ್ದು ಅವಮಾನಿಸುವುದಕ್ಕಲ್ಲ, ಅವಳ ಅರಿವನ್ನು ತಿಳಿಯುವುದಕ್ಕೆ. ಹೇಳಿದ್ದು ದೂರುವುದಕ್ಕಲ್ಲ, ಮುಂದಿನ ದಾರಿಯನ್ನು ಸ್ಪಷ್ಟಪಡಿಸುವುದಕ್ಕೆ. ನಮಗೆ ಬೇಕಾದ ಮಾದರಿ ಇದೇ.

ಇನ್ನೊಂದು ಮಾದರಿ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರದು. ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಪ್ಪದೆ, ಹೆಚ್ಚಿನದನ್ನು ತಂದಲ್ಲಿಗೇ ಹಾಕಿ ಬರಲು ಹೇಳಿದ ಕಥೆ ಎಲ್ಲರಿಗೂ ಗೊತ್ತು. ನಾವು ಆ ಕಥೆಯನ್ನು ಕಾಯಕದ ಪಾಠವಾಗಿ ಮಾತ್ರ ಹೇಳುತ್ತೇವೆ. ಅದರಲ್ಲಿ ದಾಂಪತ್ಯದ ಪಾಠವೂ ಇದೆ. ಹೆಂಡತಿ ತಪ್ಪನ್ನು ತೋರಿಸಿದಳು, ಗಂಡ ಕೇಳಿಸಿಕೊಂಡ, ಹೋಗಿ ಹಾಕಿ ಬಂದ. ಯಾರ ಮಾನವೂ ಹೋಗಲಿಲ್ಲ. ಒಬ್ಬರ ಮಾತನ್ನು ಇನ್ನೊಬ್ಬರು ತಿದ್ದುಪಡಿಯೆಂದು ತೆಗೆದುಕೊಳ್ಳುವ ಮನೆಯಲ್ಲಿ ತಪ್ಪುಗಳು ಅಕ್ಕಿಯ ಕಾಳಿನಷ್ಟಿರುವಾಗಲೇ ಸರಿಯಾಗುತ್ತವೆ. ಹಾಗೆ ತೆಗೆದುಕೊಳ್ಳದ ಮನೆಯಲ್ಲಿ ಅವು ಮೂಟೆಯಾಗಿ ಬೆಳೆದು ಬಾಗಿಲನ್ನೇ ಮುಚ್ಚುತ್ತವೆ.

ನಮ್ಮ ಸಮಾಜಕ್ಕೆ ಮರುಮದುವೆ ಹೊಸದೇನಲ್ಲ. ಉಡಿಕೆ, ಕೂಡಿಕೆ, ಸೀರೆ ಉಡಿಸುವುದು ಎಂಬ ಹೆಸರುಗಳಲ್ಲಿ ಅನೇಕ ಲಿಂಗಾಯತ ಪಂಗಡಗಳಲ್ಲಿ ವಿಧವೆಯರೂ ಗಂಡನನ್ನು ಬಿಟ್ಟವರೂ ಮತ್ತೆ ಬಾಳು ಕಟ್ಟಿಕೊಳ್ಳುವ ಪದ್ಧತಿ ಹಿಂದಿನಿಂದಲೂ ಇತ್ತು. ಇತರ ಕೆಲವು ಜಾತಿಗಳಲ್ಲಿ ವಿಧವೆಯ ತಲೆ ಬೋಳಿಸುತ್ತಿದ್ದ ಕಾಲದಲ್ಲಿ ನಮ್ಮಲ್ಲಿ ಈ ದಾರಿ ತೆರೆದಿತ್ತು. ಆದರೆ ಆ ದಾರಿಯೂ ಪೂರ್ತಿ ಬೆಳಕಿನದಾಗಿರಲಿಲ್ಲ. ಹಲವೆಡೆ ಉಡಿಕೆಯನ್ನು ರಾತ್ರಿ ಹೊತ್ತು, ವಾದ್ಯವಿಲ್ಲದೆ, ನಾಲ್ಕು ಜನರ ಮುಂದೆ ಮುಗಿಸುತ್ತಿದ್ದರು. ಉಡಿಕೆಯಾದವಳನ್ನು ಬೇರೆಯವರ ಮದುವೆಯ ಶುಭಕಾರ್ಯಕ್ಕೆ ಮುಂದೆ ಕರೆಯುತ್ತಿರಲಿಲ್ಲ. ಬಾಳು ಕೊಟ್ಟೆವು, ಮಾನ ಕೊಡಲಿಲ್ಲ. ಅದೇ ಕತ್ತಲೆಯ ಮುಂದುವರಿಕೆಯೇ ಇಂದಿನ “ಹಿಂದಿನದು ಕೇಳಬೇಡಿ” ಎಂಬ ಮಾತು. ಮೊದಲ ಮದುವೆ ಮುರಿದದ್ದು ನಾಚಿಕೆಯ ವಿಷಯವೆಂದು ನಾವು ಒಳಗೊಳಗೇ ನಂಬಿರುವುದರಿಂದಲೇ ಅದನ್ನು ಮುಚ್ಚಿಡುತ್ತೇವೆ.

ಮುಚ್ಚಿಟ್ಟರೆ ಆಗುವ ನಷ್ಟವೇನು? ನಮ್ಮ ತೋಟದ ಮನೆಗಳನ್ನೇ ನೋಡಿ ಹೇಳುತ್ತೇನೆ.

ಆಲ್ದೂರಿನಿಂದ ಬಾಳೂರಿನವರೆಗೆ, ಕೊಟ್ಟಿಗೆಹಾರದಿಂದ ಕಳಸ, ಸಂಸೆಯವರೆಗೆ ನಮ್ಮ ಮನೆಗಳು ಒಂದಕ್ಕೊಂದು ದೂರ. ಪಕ್ಕದ ಮನೆಯೆಂದರೆ ಒಂದು ಗುಡ್ಡ ದಾಟಬೇಕು. ಮಳೆಗಾಲದ ನಾಲ್ಕು ತಿಂಗಳು ಕರೆಂಟು ಬಂದರೆ ಬಂತು, ಫೋನು ಸಿಕ್ಕರೆ ಸಿಕ್ಕಿತು. ಓದಿ, ಕೆಲಸ ಮಾಡಿ, ದಾವಣಗೆರೆಯಿಂದಲೋ ತುಮಕೂರಿನಿಂದಲೋ ಬೆಂಗಳೂರಿನಿಂದಲೋ ಸೊಸೆಯಾಗಿ ಬಂದ ಹುಡುಗಿಗೆ ಮೊದಲ ಮಳೆಗಾಲವೇ ದೊಡ್ಡ ಪರೀಕ್ಷೆ. ತೋಟ ಮಾವನ ಹೆಸರಿನಲ್ಲಿರುತ್ತದೆ. ವರ್ಷದ ಹಣ ಒಂದೇ ಸಲ ಬರುತ್ತದೆ, ಅದೂ ಮಾವನ ಖಾತೆಗೆ. ಗಂಡ ಮೂವತ್ತೈದರ ಪ್ರಾಯದಲ್ಲೂ ಪೆಟ್ರೋಲಿಗೆ ತಂದೆಯನ್ನು ಕೇಳಬೇಕು. ಅವನಿಗೇ ಸ್ವಂತ ಕೈಯಿಲ್ಲದಿರುವಾಗ ಅವಳು ಯಾರನ್ನು ಕೇಳಬೇಕು? ಸಂಜೆಯಾದರೆ ಗಂಡ ಪೇಟೆಯಲ್ಲಿ ಸ್ನೇಹಿತರೊಡನೆ, ಇವಳು ಹಂಡೆಯೊಲೆಯ ಮುಂದೆ. ಸಿಟ್ಟು, ಮೌನ, ಕುಡಿತ, ತವರಿಗೆ ಹೋಗುವುದು, ಕರೆತರುವುದು, ಕೊನೆಗೊಂದು ದಿನ ಕರೆತರಲು ಯಾರೂ ಹೋಗದಿರುವುದು. ಎಲ್ಲ ಮನೆಗಳೂ ಹೀಗಿಲ್ಲ; ಸುಖವಾಗಿ ಬಾಳುತ್ತಿರುವ ತೋಟದ ಮನೆಗಳೇ ಹೆಚ್ಚು. ಆದರೆ ಮುರಿದ ಮನೆಗಳ ಕಥೆ ಕೇಳಿದರೆ ಅವು ಒಂದನ್ನೊಂದು ಹೋಲುತ್ತವೆ.

ಆಮೇಲೆ ಏನಾಗುತ್ತದೆ? “ಅವಳಿಗೆ ಹೊಂದಿಕೊಂಡು ಹೋಗುವ ಗುಣವಿರಲಿಲ್ಲ” ಎಂದು ಒಂದು ಮನೆ ತೀರ್ಪು ಕೊಡುತ್ತದೆ. “ಅವನು ತಾಯಿಯ ಮಾತು ಮೀರದವನು” ಎಂದು ಇನ್ನೊಂದು ಮನೆ ತೀರ್ಪು ಕೊಡುತ್ತದೆ. ತೀರ್ಪು ಸಿಕ್ಕಿದ ಮೇಲೆ ವಿಚಾರಣೆ ಯಾಕೆ? ಮತ್ತೊಬ್ಬ ಹುಡುಗಿಯನ್ನು ಹುಡುಕುತ್ತಾರೆ. ಈ ಸಲ ಸ್ವಲ್ಪ ಬಡ ಮನೆಯವಳು, ಸ್ವಲ್ಪ ಕಡಿಮೆ ಓದಿದವಳು, ಅಂದರೆ ಸಹಿಸಿಕೊಳ್ಳುತ್ತಾಳೆ ಎಂಬ ಲೆಕ್ಕ. ಖಾತೆ ಅದೇ, ಒಲೆ ಅದೇ, ಸಂಜೆಯ ಪೇಟೆ ಅದೇ. ಸೊಸೆ ಮಾತ್ರ ಹೊಸಬಳು. ಇದನ್ನು ಹೊಸ ಬಾಳು ಎನ್ನಲು ಬರುವುದಿಲ್ಲ.

ಕಾಫಿ ಬೆಳೆಗಾರರಾದ ನಾವು ಗಿಡದ ವಿಷಯದಲ್ಲಿ ಇಷ್ಟು ಅಜಾಗರೂಕರಲ್ಲ. ಅರೇಬಿಕಾ ಗಿಡಕ್ಕೆ ಬಿಳಿ ಕಾಂಡಕೊರಕ ಬಿದ್ದರೆ ಏನು ಮಾಡುತ್ತೇವೆ? ಎಲೆ ಹಳದಿಯಾಗಿದೆಯೇ, ಕಾಂಡದ ಮೇಲೆ ಉಬ್ಬುಗೆರೆ ಎದ್ದಿದೆಯೇ ಎಂದು ಸಾಲು ಸಾಲಾಗಿ ನೋಡುತ್ತೇವೆ. ಬೋರರ್ ಬಿದ್ದ ಗಿಡವನ್ನು ಹುಳು ಹಾರುವ ಏಪ್ರಿಲ್-ಮೇ ಮತ್ತು ಅಕ್ಟೋಬರ್-ಡಿಸೆಂಬರ್ ಬರುವ ಮೊದಲೇ ಕಿತ್ತು ಸುಡುತ್ತೇವೆ. ಮುಖ್ಯವಾಗಿ, ಇದೇ ಪಟ್ಟೆಯಲ್ಲಿ ಯಾಕೆ ಬಂತು ಎಂದು ಕೇಳುತ್ತೇವೆ. ನೆರಳು ಹೆಚ್ಚು ಕಡಿದೆವೇ, ಬಿಸಿಲು ನೇರ ಕಾಂಡಕ್ಕೆ ಬೀಳುತ್ತಿದೆಯೇ ಎಂದು ಮೇಲೆ ನೋಡುತ್ತೇವೆ. ನೆರಳು ಸರಿಮಾಡದೆ ಅದೇ ಗುಣಿಗೆ ಹೊಸ ಸಸಿ ನೆಡುವವನನ್ನು ನಮ್ಮವರು ಬೆಳೆಗಾರ ಎನ್ನುವುದಿಲ್ಲ. 1925ರಲ್ಲಿ ಬಾಳೆಹೊನ್ನೂರಿನ ಬಳಿ ಶುರುವಾದ ಕಾಫಿ ಸಂಶೋಧನಾ ಕೇಂದ್ರ ಈ ನೂರು ವರ್ಷ ಮಾಡಿರುವುದೂ ಇದನ್ನೇ. ಹಿಂದಿನ ತಳಿ ಯಾವ ರೋಗಕ್ಕೆ ಸೋತಿತೆಂದು ತಿಳಿದುಕೊಂಡು ಮುಂದಿನ ತಳಿಯನ್ನು ರೂಪಿಸುವುದು ಅವರ ಕೆಲಸ. ನಾವು ಇಂದಿಗೂ ಮೆಚ್ಚಿ ಬೆಳೆಯುವ ಎಸ್.795 ತಳಿ ಹಾಗೆ ಬಂದದ್ದು. ಗಿಡಕ್ಕೆ ತೋರುವ ಈ ವಿವೇಕವನ್ನು ಮಗನ, ಮಗಳ ಬಾಳಿಗೂ ತೋರಬೇಕೆಂದು ಕೇಳುವುದು ಹೆಚ್ಚಾಯಿತೇ?

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಕಳೆದ ಬಾಳಿನ ಪಾಠ ಕೇಳುವುದು ಬೇರೆ, ಹೆಣ್ಣಿನ ಶೀಲವನ್ನು ತನಿಖೆ ಮಾಡುವುದು ಬೇರೆ. ಮದುವೆಗೆ ಮುಂಚೆ ಯಾರನ್ನು ಇಷ್ಟಪಟ್ಟಿದ್ದಳು, ಕಾಲೇಜಿನಲ್ಲಿ ಯಾರ ಜೊತೆ ಓಡಾಡಿದಳು ಎಂದು ಹೆಣ್ಣಿನ ಊರಿಗೆ ಜನ ಕಳಿಸಿ ವಿಚಾರಿಸುವ ಕೆಟ್ಟ ಚಾಳಿ ನಮ್ಮಲ್ಲಿ ಇದೆ. ಗಂಡಿನ ಬಗ್ಗೆ ಅದೇ ಪ್ರಶ್ನೆ ಬಂದರೆ “ಗಂಡಸು, ಅದೆಲ್ಲ ಇದ್ದದ್ದೇ” ಎಂದು ನಗುತ್ತಾರೆ. ಹೆಂಡತಿ ತೀರಿಕೊಂಡ ಗಂಡಿಗೆ ವರ್ಷ ತುಂಬುವ ಮೊದಲೇ ಹೆಣ್ಣು ನೋಡುತ್ತಾರೆ. ಗಂಡನನ್ನು ಕಳೆದುಕೊಂಡ ಹೆಣ್ಣು ಐದು ವರ್ಷದ ಮೇಲೆ ಬಾಯಿಬಿಟ್ಟರೂ “ಮಗುವಿನ ಮುಖ ನೋಡಿಕೊಂಡು ಇರಬಾರದೇ” ಎನ್ನುತ್ತಾರೆ. ಗಂಡು ಹೆಣ್ಣೆಂಬ ಭೇದವನ್ನು ಅಳಿಸಲು ಹೊರಟ ಶರಣರ ಹೆಸರು ಹೇಳುವವರಿಗೆ ಈ ಎರಡು ಅಳತೆ ಸಲ್ಲದು. ಪ್ರಶ್ನೆ ಇಬ್ಬರಿಗೂ ಒಂದೇ ಇರಬೇಕು. ಯಾರ ಜೊತೆ ಇದ್ದೆ ಎಂದು ಕೇಳಬೇಡಿ. ಹೇಗೆ ಬಾಳಿದೆ, ಏನು ಕಲಿತೆ ಎಂದು ಕೇಳಿ.

ಹಾಗಾದರೆ ಏನು ಕೇಳಬೇಕು? ನನಗೆ ತೋಚಿದ ಕೆಲವನ್ನು ಇಲ್ಲಿ ಇಡುತ್ತೇನೆ. ಹಿರಿಯರು ಕೇಳುವುದಕ್ಕಿಂತ ಹುಡುಗ ಹುಡುಗಿ ಇಬ್ಬರೇ ಕುಳಿತು ಮಾತನಾಡಿಕೊಂಡರೆ ಒಳ್ಳೆಯದು. ಹಿರಿಯರ ಕೆಲಸ ಅವರಿಗೆ ಸಮಯವನ್ನೂ ಜಾಗವನ್ನೂ ಒದಗಿಸುವುದು.

ಮೊದಲನೆಯದು, ಹಿಂದಿನ ಬಾಳು ಯಾಕೆ ಮುರಿಯಿತು ಎಂಬುದನ್ನು ತನ್ನ ಮಾತಿನಲ್ಲಿ ಹೇಳಲು ಬರುತ್ತದೆಯೇ? ಎಲ್ಲ ತಪ್ಪನ್ನೂ ಬಿಟ್ಟುಹೋದವರ ಮೇಲೆ ಹೊರಿಸುವವರು ಇನ್ನೂ ಕಲಿತಿಲ್ಲ. “ಅವಳು ಹೇಳುತ್ತಿದ್ದಳು, ನಾನು ಕೇಳಿಸಿಕೊಳ್ಳುತ್ತಿರಲಿಲ್ಲ” ಎಂದು ಹೇಳಬಲ್ಲ ಗಂಡು, “ಬೇಸರವಾದಾಗ ನಾನು ವಾರಗಟ್ಟಲೆ ಮಾತು ಬಿಡುತ್ತಿದ್ದೆ” ಎಂದು ಹೇಳಬಲ್ಲ ಹೆಣ್ಣು, ಇಂಥವರ ಕೈಯಲ್ಲಿ ಎರಡನೆಯ ಬಾಳು ಉಳಿಯುವ ಸಂಭವ ಹೆಚ್ಚು.

ಎರಡನೆಯದು, ಈ ಸಲ ಮನೆಯಲ್ಲಿ ಏನು ಬದಲಾಗುತ್ತದೆ? ದುಡ್ಡು ಯಾರ ಕೈಯಲ್ಲಿರುತ್ತದೆ? ಗಂಡ ಹೆಂಡತಿಗೆ ಸ್ವಂತದ ಕೋಣೆ, ಸ್ವಂತದ ಖಾತೆ ಇದೆಯೇ? ತಂದೆ ತಾಯಿಯ ಮಾತು ಎಲ್ಲಿಗೆ ನಿಲ್ಲುತ್ತದೆ? ಕುಡಿತವಿದ್ದರೆ ಅದನ್ನು ಬಿಟ್ಟು ಎಷ್ಟು ದಿನವಾಯಿತು? ಹೆಣ್ಣಿಗೆ ಕೆಲಸಕ್ಕೆ ಹೋಗುವ, ಓದುವ, ತೋಟದ ಲೆಕ್ಕ ನೋಡುವ ಅವಕಾಶವಿದೆಯೇ? ಉತ್ತರ ‘ಎಲ್ಲ ಸರಿಹೋಗುತ್ತದೆ’ ಎಂದಾದರೆ ಅದು ಉತ್ತರವಲ್ಲ.

ಮೂರನೆಯದು, ಹಿಂದಿನ ಬಾಳಿನ ಮಕ್ಕಳು. ಹೊಸ ತಾಯಿ ಅಥವಾ ಹೊಸ ತಂದೆಯನ್ನು ಒಪ್ಪಿಕೊಳ್ಳಲು ಮಗುವಿಗೆ ಸಮಯ ಬೇಕು. ಸತ್ತ ತಾಯಿಯ ಫೋಟೋವನ್ನು ಮದುವೆಯ ಹಿಂದಿನ ದಿನ ಗೋಡೆಯಿಂದ ಇಳಿಸುವುದರಿಂದ ಮಗುವಿನ ಮನಸ್ಸಿನಿಂದ ತಾಯಿ ಇಳಿಯುವುದಿಲ್ಲ. ಅಗಲಿದವರನ್ನು ಪ್ರೀತಿಯಿಂದ ನೆನೆಯಲು ಜಾಗವಿರುವ ಮನೆಯಲ್ಲೇ ಹೊಸಬರಿಗೂ ಜಾಗ ಸಿಗುತ್ತದೆ.

ನಾಲ್ಕನೆಯದು, ತಂದೆ ತಾಯಿಯ ದಾಂಪತ್ಯ. ಇದು ಮೊದಲ ಮದುವೆಯವರಿಗೂ ಅನ್ವಯಿಸುತ್ತದೆ. ನಮ್ಮೆಲ್ಲರ ಮೊದಲ ಪಾಠಶಾಲೆ ಅದೇ. ಅಪ್ಪ ಊಟದ ತಟ್ಟೆ ಎಸೆಯುವುದನ್ನು ನೋಡಿ ಬೆಳೆದ ಮಗ ಒಂದು ದಿನ ತನ್ನ ಕೈಯಲ್ಲೂ ತಟ್ಟೆ ಮೇಲೇಳುವುದನ್ನು ಕಾಣುತ್ತಾನೆ. ಅಮ್ಮ ಎಲ್ಲವನ್ನೂ ನುಂಗಿಕೊಳ್ಳುವುದನ್ನು ನೋಡಿದ ಮಗಳು ಅದನ್ನೇ ಸಂಸಾರವೆಂದು ತಿಳಿಯುತ್ತಾಳೆ. ಇದನ್ನು ಗುರುತಿಸಿ ಇಲ್ಲಿಗೆ ಸಾಕು ಎನ್ನುವುದೂ ಆಚಾರವೇ.

ಪಾಠ ಕಲಿಯಬೇಕೆಂದ ಮಾತ್ರಕ್ಕೆ ಮುರಿದ ಮದುವೆಗಳಲ್ಲೆಲ್ಲ ಇಬ್ಬರದೂ ಸಮಪಾಲು ತಪ್ಪು ಎಂದು ಯಾರೂ ತಿಳಿಯಬಾರದು. ಹೊಡೆತ ತಿಂದು ಮನೆ ಬಿಟ್ಟುಬಂದ ಹೆಣ್ಣುಮಗಳನ್ನು ಕೂರಿಸಿ “ನಿನ್ನದೇನು ತಪ್ಪಿತ್ತು ತಾಯಿ” ಎಂದು ಕೇಳುವುದು ಅನ್ಯಾಯ. ಅವಳು ಕಲಿಯಬೇಕಾದ ಪಾಠ ಒಂದೇ: ಮೊದಲ ಹೊಡೆತಕ್ಕೇ ಹೇಳಬೇಕು, ಹೇಳಿದರೆ ಕೇಳುವವರಿದ್ದಾರೆ. ಕೇಳುವವರು ಇರಬೇಕಾದದ್ದು ನಮ್ಮ ಹೊಣೆ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರನ್ನು ರಕ್ಷಿಸುವ ಕಾಯ್ದೆ 2005ರಿಂದ ಇದೆ. ಮಹಿಳಾ ಸಹಾಯವಾಣಿಯ ಸಂಖ್ಯೆ 181. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅದನ್ನು ಕೇಳಬಹುದು. ಈ ಮಾಹಿತಿ ಪ್ರತಿ ಮಠದ ದಾಸೋಹದ ಮನೆಯ ಗೋಡೆಯ ಮೇಲೆ ಇರಲಿ.

ಕಾನೂನಿನ ಇನ್ನೊಂದು ವಿಷಯದಲ್ಲಿ ನಮ್ಮವರು ಮೋಸ ಹೋಗುತ್ತಿರುವುದರಿಂದ ಅದನ್ನೂ ಬಿಡಿಸಿ ಹೇಳುತ್ತೇನೆ. ಊರ ಹಿರಿಯರ ಮುಂದೆ ಛಾಪಾ ಕಾಗದದ ಮೇಲೆ ‘ಬಿಡುಗಡೆ ಪತ್ರ’ ಬರೆದು, ಇಬ್ಬರೂ ಸಹಿ ಹಾಕಿ, ಒಡವೆ ಹಿಂದಿರುಗಿಸಿದರೆ ಮದುವೆ ಮುಗಿಯಿತೆಂದು ಹಲವರು ನಂಬಿದ್ದಾರೆ. ಲಿಂಗಾಯತ ಧರ್ಮದ ಮಾನ್ಯತೆಯ ಹೋರಾಟ ಬೇರೆ ಪ್ರಶ್ನೆ. ಇಂದು ನಮ್ಮ ಮದುವೆಗಳಿಗೆ ಅನ್ವಯಿಸುವುದು 1955ರ ಹಿಂದೂ ವಿವಾಹ ಕಾಯ್ದೆ. ಅದರ 2ನೆಯ ಕಲಮಿನಲ್ಲಿ ವೀರಶೈವ, ಲಿಂಗಾಯತ ಎಂಬ ಹೆಸರುಗಳೇ ಇವೆ. ರೂಢಿಯ ವಿಚ್ಛೇದನಕ್ಕೆ ಈ ಕಾಯ್ದೆ ಜಾಗ ಬಿಟ್ಟಿದ್ದರೂ, ಅಂಥ ರೂಢಿ ತಮ್ಮಲ್ಲಿದೆಯೆಂದು ಕೋರ್ಟಿನಲ್ಲಿ ಸಾಬೀತು ಮಾಡಬೇಕಾಗುತ್ತದೆ. ಅದು ಸುಲಭವಲ್ಲ. ಸಾಬೀತಾಗದಿದ್ದರೆ ಎರಡನೆಯ ಮದುವೆ ಕಾನೂನಿನ ಕಣ್ಣಿಗೆ ಮದುವೆಯೇ ಅಲ್ಲ, ಮೇಲಾಗಿ ಅಪರಾಧ. ಆ ಮದುವೆಯ ಮಕ್ಕಳನ್ನು ಕಾನೂನು ಕೈಬಿಡುವುದಿಲ್ಲ. ಆದರೆ ಹತ್ತು ವರ್ಷ ಸಂಸಾರ ಮಾಡಿದ ಹೆಣ್ಣುಮಗಳು ಹೆಂಡತಿಯೆಂಬ ಹಕ್ಕಿಲ್ಲದೆ ನಿಲ್ಲಬೇಕಾಗುತ್ತದೆ.

ಇಬ್ಬರಿಗೂ ಒಪ್ಪಿಗೆಯಿದ್ದರೆ ದಾರಿ ಕಷ್ಟದ್ದಲ್ಲ. 1976ರ ತಿದ್ದುಪಡಿಯಲ್ಲಿ ಸೇರಿದ 13ಬಿ ಕಲಮಿನ ಪ್ರಕಾರ, ಒಂದು ವರ್ಷ ಬೇರೆ ಬಾಳಿದವರು ಪರಸ್ಪರ ಒಪ್ಪಿಗೆಯಿಂದ ವಿಚ್ಛೇದನ ಕೇಳಬಹುದು. ಅರ್ಜಿಯ ನಂತರ ಆರು ತಿಂಗಳು ಕಾಯುವ ನಿಯಮವನ್ನು ತಕ್ಕ ಸಂದರ್ಭದಲ್ಲಿ ಸಡಿಲಿಸಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಆದ್ದರಿಂದ ಎರಡನೆಯ ಸಂಬಂಧ ನೋಡುವವರು ಮೊದಲು ಕೇಳಬೇಕಾದ ಕಾಗದ ಜಾತಕವಲ್ಲ, ಕೋರ್ಟಿನ ಡಿಕ್ರಿ. ಅದನ್ನು ಕೇಳುವುದು ಅನುಮಾನವಲ್ಲ, ಎರಡು ಬಾಳುಗಳಿಗೆ ಕೊಡುವ ಮರ್ಯಾದೆ. ಹಿಂದಿನವಳ ಒಡವೆ, ಜೀವನಾಂಶ, ಸಾಲ ಎಲ್ಲವೂ ತೀರಿದೆಯೇ ಎಂದೂ ಕೇಳಿ. ಹಿಂದಿನವಳಿಗೆ ನ್ಯಾಯ ಮಾಡದವನು ಮುಂದಿನವಳಿಗೆ ಮಾಡುತ್ತಾನೆಂದು ನಂಬುವುದು ಹೇಗೆ?

ಮಠಗಳು ಇದರಲ್ಲಿ ಏನು ಮಾಡಬಹುದು? ದಾರಿ ಈಗಾಗಲೇ ಇದೆ. ಸಿರಿಗೆರೆಯ ತರಳಬಾಳು ಬೃಹನ್ಮಠದ ಸದ್ಧರ್ಮ ನ್ಯಾಯಪೀಠದಲ್ಲಿ ಸೋಮವಾರಗಳಂದು ಭಕ್ತರ ವ್ಯಾಜ್ಯಗಳನ್ನು ಕೇಳುವ ಪದ್ಧತಿಯಿದೆ. ಜಮೀನಿನ ಜಗಳದ ಜೊತೆಗೆ ಸಂಸಾರದ ಜಗಳಗಳೂ ಅಲ್ಲಿಗೆ ಹೋಗುತ್ತವೆ. ಕೋರ್ಟಿನ ಬಾಗಿಲಿಗೆ ವರ್ಷಗಟ್ಟಲೆ ಅಲೆಯುವುದಕ್ಕಿಂತ ಎರಡೂ ಕಡೆಯವರನ್ನು ಕೂರಿಸಿ ಕೇಳುವುದರ ಬೆಲೆ ಏನೆಂಬುದು ಅಲ್ಲಿಗೆ ಹೋಗಿಬಂದವರಿಗೆ ಗೊತ್ತು. ನಮ್ಮ ಬೆಟ್ಟದ ಸೀಮೆಯ ಮಠಗಳೂ ಬಸವ ಕೇಂದ್ರಗಳೂ ಇನ್ನೊಂದು ಹೆಜ್ಜೆ ಮುಂದೆ ಹೋಗಲಿ ಎಂಬುದು ನನ್ನ ಬಿನ್ನಹ. ಜಗಳವಾದ ಮೇಲೆ ಕೇಳುವುದರ ಜೊತೆಗೆ ಮದುವೆಗೆ ಮೊದಲೂ ಕೇಳಲಿ. ವಚನ ಮಾಂಗಲ್ಯಕ್ಕೆ ದಿನ ಗೊತ್ತುಮಾಡುವ ಮುನ್ನ ವಧೂವರರಿಗೆ ಎರಡು ದಿನದ ಸಂವಾದವಿರಲಿ. ಅಲ್ಲಿ ಅನುಭವವಿರುವ ದಂಪತಿಗಳು, ಆಪ್ತಸಮಾಲೋಚಕರು, ಒಬ್ಬ ವಕೀಲರು ಬರಲಿ. ಅಲ್ಲಿ ಆಡಿದ ಮಾತು ಹೊರಗೆ ಹೋಗದಿರಲಿ. ಈ ಭರವಸೆಯಿಲ್ಲದೆ ಯಾರೂ ನಿಜ ಹೇಳುವುದಿಲ್ಲ. ಕೇಳುವವರಲ್ಲಿ ಹೆಣ್ಣುಮಕ್ಕಳು ಕಡ್ಡಾಯವಾಗಿ ಇರಲಿ. ಮರುಮದುವೆಯನ್ನು ಸಂಜೆಗತ್ತಲಲ್ಲಿ ಮುಗಿಸದೆ, ಮೊದಲ ಮದುವೆಗಳ ಜೊತೆ ಅದೇ ವೇದಿಕೆಯಲ್ಲಿ, ಹಗಲು ಹೊತ್ತಿನಲ್ಲಿ ಮಾಡಲಿ. ಮರುಮದುವೆಯಾದ ಹೆಣ್ಣುಮಗಳೇ ಮುಂದಿನ ವಧುವಿಗೆ ಹೂಮಾಲೆ ಕೊಡಲಿ.

ಸರಳ ಮದುವೆಯ ವಿಷಯದಲ್ಲಿ ನಮ್ಮ ಮೂಡಿಗೆರೆಗೆ ಹತ್ತಿರದ ಉದಾಹರಣೆಯೂ ಇದೆ. ಕುವೆಂಪು ಅವರ ಮಂತ್ರಮಾಂಗಲ್ಯದ ರೀತಿಯಲ್ಲಿ 1966ರಲ್ಲಿ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿಯವರ ಮದುವೆ ನಡೆಯಿತು. ಆಮೇಲೆ ಅವರು ಬಾಳಿದ್ದು ಮೂಡಿಗೆರೆಯ ತೋಟದ ಮನೆಯಲ್ಲೇ, ಇದೇ ಮಳೆಯಲ್ಲೇ. ಆ ಬಾಳಿನ ಕಥೆಯನ್ನು ರಾಜೇಶ್ವರಿಯವರೇ ‘ನನ್ನ ತೇಜಸ್ವಿ’ ಪುಸ್ತಕದಲ್ಲಿ ಬರೆದಿದ್ದಾರೆ. ಆಡಂಬರಕ್ಕೆ ಸುರಿಯುವ ಹಣವನ್ನೂ ದಿನಗಳನ್ನೂ ಉಳಿಸಿ, ಒಬ್ಬರನ್ನೊಬ್ಬರು ಅರಿಯುವುದಕ್ಕೆ ಬಳಸಿದರೆ ತೋಟದ ಮನೆಯ ಒಂಟಿತನವೂ ಸ್ನೇಹಕ್ಕೆ ದಾರಿಯಾದೀತು.

ಮಲೆನಾಡಿನಲ್ಲಿ ಈಗ “ತೋಟದ ಹುಡುಗರಿಗೆ ಹೆಣ್ಣು ಕೊಡುವವರಿಲ್ಲ” ಎಂಬ ಕೊರಗು ಮನೆಮನೆಯಲ್ಲಿದೆ. ಹೆಣ್ಣು ಹೆತ್ತವರನ್ನು ಬೈಯುವುದರಿಂದ ಈ ಕೊರಗು ತೀರುವುದಿಲ್ಲ. ಹಿಂದೆ ಬಂದ ಹೆಣ್ಣುಮಕ್ಕಳು ಹೇಗೆ ಬಾಳಿದರು ಎಂಬ ಸುದ್ದಿ ನಮಗಿಂತ ಮುಂಚೆ ಊರೂರಿಗೆ ಮುಟ್ಟಿರುತ್ತದೆ. ಒಬ್ಬ ಸೊಸೆ ಸುಖವಾಗಿ ಬಾಳಿದರೆ ಅವಳ ತಂಗಿಯೂ ಅವಳ ಗೆಳತಿಯೂ ಈ ಬೆಟ್ಟಕ್ಕೆ ಬರಲು ಒಪ್ಪುತ್ತಾರೆ.

ಈ ಸಲ ಯಾರ ಮನೆಯಲ್ಲಿ ಸಂಬಂಧದ ಮಾತು ನಡೆಯುತ್ತಿದೆಯೋ ಅವರು ಒಂದು ಸಂಜೆಯನ್ನು ತೆಗೆದಿಡಿ. ಪೂಜೆ ಮುಗಿಸಿ, ಮನೆಯವರೆಲ್ಲ ಕುಳಿತು, ಹಿಂದೆ ಮುರಿದದ್ದು ಯಾಕೆ ಮುರಿಯಿತೆಂದು ಸಿಟ್ಟಿಲ್ಲದೆ ಮಾತನಾಡಿ. ಮನೆಯ ಸೊಸೆಯರಿಗೆ ಮೊದಲು ಮಾತನಾಡಲು ಬಿಡಿ, ಯಜಮಾನರು ಕೊನೆಗೆ ಮಾತನಾಡಲಿ. ಬದಲಾಗಬೇಕಾದುದರಲ್ಲಿ ಒಂದನ್ನಾದರೂ, ಬ್ಯಾಂಕಿನ ಖಾತೆಯೋ, ಬೇರೆ ಕೋಣೆಯೋ, ಸಂಜೆಯ ಕುಡಿತವೋ, ಹೊಸಬರು ಹೊಸ್ತಿಲು ದಾಟುವ ಮೊದಲೇ ಬದಲಿಸಿ. ಆಮೇಲೆ ಹೋಗಿ ಹೆಣ್ಣು ಕೇಳಿ, ಗಂಡು ಕೇಳಿ. ಅಷ್ಟು ಮಾಡಿದ ಮನೆಗೆ ಗುರು-ಲಿಂಗ-ಜಂಗಮದ ಹರಕೆ ತಾನಾಗಿ ಸಲ್ಲುತ್ತದೆ.